ಸುಜಾತೆ ಮತ್ತು ಯಕ್ಷಿ: ಮಣ್ಣಿನಲ್ಲಿ ಮಾಡಿದ ಒಂದು ಹೋಲಿಕೆ

ಎರಡು ಶಿಲ್ಪಗಳನ್ನು ಹೋಲಿಸಬೇಕಾದರೆ ಅವುಗಳ ಫೋಟೊಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ಸಾಕು ಎಂದು ನಾನು ಬಹುಕಾಲ ನಂಬಿದ್ದೆ. ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ ಅವರು 1935ರಲ್ಲಿ ಮಾಡಿದ ‘ಸುಜಾತಾ’ ಮತ್ತು ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಕಾನಾಯಿ ಕುಂಞಿರಾಮನ್ ಅವರು 1969ರಲ್ಲಿ ಮುಗಿಸಿದ ‘ಯಕ್ಷಿ’ಯನ್ನು ಹಾಗೆ ಇಟ್ಟು ನೋಡಿದಾಗ ನನಗೆ ಸಿಕ್ಕಿದ್ದು ಬರೀ ಎದುರುಬದುರು ಮಾತುಗಳು. ಒಬ್ಬಳು ಬಳ್ಳಿಯಂತೆ ಸಪೂರ, ಇನ್ನೊಬ್ಬಳು ಬೆಟ್ಟದಂತೆ ಭಾರ. ಒಬ್ಬಳು ನಡೆಯುತ್ತಿದ್ದಾಳೆ, ಇನ್ನೊಬ್ಬಳು ಕಾಲು ಚಾಚಿ ಕೂತಿದ್ದಾಳೆ. ಇಷ್ಟನ್ನು ಹೇಳುವುದಕ್ಕೆ ಶಿಲ್ಪಿಯೇ ಆಗಬೇಕಿಲ್ಲ. ಆದ್ದರಿಂದ ಎರಡನ್ನೂ ನನ್ನ ಕೈಯಿಂದಲೇ ಜೇಡಿಮಣ್ಣಿನಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಮಾಡಿ ನೋಡುವುದೆಂದು ನಿಶ್ಚಯಿಸಿದೆ.

ಈ ಜೋಡಿಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಎರಡೂ ಕಂಚಿನವಲ್ಲ, ಕಲ್ಲಿನವಲ್ಲ. ನಮ್ಮ ಮನೆಯ ಗೋಡೆಗೆ ಹಾಕುವ ಸಿಮೆಂಟಿನಿಂದ ಆದವು. ಎರಡನ್ನೂ ಬಯಲಿನಲ್ಲಿ, ಅವು ಇರುವ ಜಾಗದಲ್ಲೇ ಕಟ್ಟಲಾಯಿತು, ಮತ್ತು ಆಗ ಇಬ್ಬರು ಶಿಲ್ಪಿಗಳ ವಯಸ್ಸೂ ಮೂವತ್ತರ ಆಸುಪಾಸಿನಲ್ಲಿತ್ತು. ಕಾನಾಯಿಯವರು ನಮ್ಮ ಪಕ್ಕದ ಕಾಸರಗೋಡು ಸೀಮೆಯವರು ಎಂಬ ಅಭಿಮಾನವೂ ನನಗಿದೆ.

ಮೊದಲು ಸುಜಾತೆಯನ್ನು ಕೈಗೆತ್ತಿಕೊಂಡೆ. ಸಪೂರ ಮೈಗೆ ಒಳಗಿನ ಆಧಾರಕ್ಕೆ ಸಪೂರ ತಂತಿಯೇ ಸಾಕೆಂದು ಲೆಕ್ಕ ಹಾಕಿದ್ದು ತಪ್ಪಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಮೊಣಕಾಲಿನ ಬಳಿ ಮಣ್ಣು ಜಗ್ಗಿ, ಇಡೀ ಆಕೃತಿ ಒಂದು ಬದಿಗೆ ವಾಲಿತ್ತು. ದಪ್ಪ ಸರಳು ಹಾಕಿ, ತೂಗುಗುಂಡು ಹಿಡಿದು ಮತ್ತೆ ನಿಲ್ಲಿಸಿದಾಗಲೇ, ರಾಮಕಿಂಕರ್ ಅವರು ಕಬ್ಬಿಣದ ಕಟ್ಟಿನ ಮೇಲೆ ಸಿಮೆಂಟು ಮತ್ತು ಮುರಕಲ್ಲಿನ ಹರಳುಗಳ ಮಿಶ್ರಣವನ್ನು ಬೀಸಿ ಹಚ್ಚುತ್ತಿದ್ದ ಪದ್ಧತಿಯ ಅರ್ಥ ನನ್ನ ಬೆರಳಿಗೆ ತಿಳಿದದ್ದು. ಹಾಗೆ ಹಚ್ಚಿದ ಮೈ ಎಂದೂ ನುಣುಪಾಗುವುದಿಲ್ಲ. ಅದರ ಒರಟುತನದಲ್ಲಿ ಬೆಳಕು ಚೂರುಚೂರಾಗಿ ನಿಲ್ಲುತ್ತದೆ, ಅದರಿಂದಾಗಿ ಅಂಚುಗಳು ಕರಗಿ, ನಿಂತ ಆಕೃತಿಗೆ ಚಲನೆ ಬರುತ್ತದೆ.

ಈ ಶಿಲ್ಪಕ್ಕೆ ಮೊದಲು ಸುಜಾತೆ ಎಂಬ ಹೆಸರಿರಲಿಲ್ಲ, ತಲೆಯ ಮೇಲಿನ ಪಾಯಸದ ಪಾತ್ರೆಯೂ ಇರಲಿಲ್ಲ. ಅದನ್ನು ಇಡಲು ಸೂಚಿಸಿದವರು ರಾಮಕಿಂಕರ್ ಅವರ ಗುರು ನಂದಲಾಲ್ ಬೋಸ್ ಎಂದು ಹೇಳುತ್ತಾರೆ. ಪಾತ್ರೆ ಬಂದ ಮೇಲೆ ಅವಳು ಬುದ್ಧನಿಗೆ ಪಾಯಸ ತಂದವಳಾದಳು. ನಾನು ಬೇಕೆಂದೇ ಪಾತ್ರೆಯಿಲ್ಲದೆ ಒಂದು ದಿನ ಬಿಟ್ಟು ನೋಡಿದೆ. ನೋಟ ಪಾದದಿಂದ ಏರುತ್ತಾ ಹೋಗಿ, ತಲೆಯ ಮೇಲೆ ಎಲ್ಲಿಯೂ ನಿಲ್ಲದೆ ಗಾಳಿಗೆ ಹಾರಿಹೋಗುತ್ತಿತ್ತು. ನೆಲ್ಲಿಕಾಯಿ ಗಾತ್ರದ ಮಣ್ಣನ್ನು ಒತ್ತಿ ಪಾತ್ರೆಯಾಗಿ ಇಟ್ಟ ಕೂಡಲೇ ಕುತ್ತಿಗೆ ಬಿಗಿಯಾಯಿತು, ಬೆನ್ನು ನೇರವಾಯಿತು. ಮೈಯ ಮಣ್ಣನ್ನು ನಾನು ಮುಟ್ಟಿಯೇ ಇರಲಿಲ್ಲ! ಹೊರೆ ಹೊತ್ತವಳ ನಡಿಗೆ ಎಂದರೆ ಅದೇ. ಆಮೇಲೆ ಅವಳ ಸುತ್ತ ಹಲಗೆಯ ಮೇಲೆ ಬಿದಿರಿನ ಸೀಳುಗಳನ್ನು ನೆಟ್ಟೆ, ಏಕೆಂದರೆ ಶಾಂತಿನಿಕೇತನದಲ್ಲಿ ಅವಳು ನಿಂತಿರುವುದು ನೀಲಗಿರಿ ಮರಗಳ ನಡುವೆ. ಒಂಟಿಯಾಗಿದ್ದಾಗ ವಿಪರೀತ ಉದ್ದವೆನಿಸುತ್ತಿದ್ದ ಮೈ, ಆ ಕಾಂಡಗಳ ನಡುವೆ ಅವುಗಳದೇ ಕುಲದ್ದಾಗಿ, ಅವುಗಳ ಮಧ್ಯೆ ನಡೆಯಬಲ್ಲ ಒಂದೇ ಒಂದು ಮರವಾಗಿ ಕಂಡಿತು.

ಯಕ್ಷಿಯ ಕೆಲಸ ಬೇರೆಯೇ ಪಾಠ ಕಲಿಸಿತು. ಮೂಲ ಶಿಲ್ಪ ಸುಮಾರು 30 ಅಡಿ ಎತ್ತರದ್ದು, ನನ್ನದು ಅದರ ಇಪ್ಪತ್ತನೆಯ ಒಂದು ಪಾಲು. ಅಗಲಕ್ಕೆ ಹರಡಿದ ತೊಡೆಗಳು ತಾವೇ ಪೀಠವಾಗಿದ್ದರಿಂದ ಮಣ್ಣು ಜಗ್ಗುವ ಭಯವಿರಲಿಲ್ಲ, ಎರಡೇ ದಿನದಲ್ಲಿ ಆಕಾರ ಬಂತು. ಆದರೆ ಮೇಜಿನ ಮೇಲಿದ್ದ ಆ ಹೆಂಗಸು ಯಕ್ಷಿಯಾಗಿರಲಿಲ್ಲ. ಮೇಲಿನಿಂದ ನೋಡುತ್ತಿದ್ದ ನನ್ನ ಕಣ್ಣಿಗೆ ಅವಳು ಬರಿಯ ಬೆತ್ತಲೆ ಮೈಯಾಗಿ, ನೋಡುವವನ ವಶದಲ್ಲಿರುವ ವಸ್ತುವಾಗಿ ಕಂಡಳು, ಮತ್ತು ಅದು ನನಗೆ ನಿಜಕ್ಕೂ ನೋವು ತಂದಿತು.

ಹಲಗೆಯನ್ನು ಎತ್ತಿ ಕಪಾಟಿನ ಮೇಲಿಟ್ಟು, ನಾನು ನೆಲದ ಮೇಲೆ ಅಂಗಾತ ಮಲಗಿ ನೋಡಿದೆ. ಕೂಡಲೇ ಎಲ್ಲವೂ ಬದಲಾಯಿತು. ಮೊಣಕಾಲುಗಳು ಮುಂದೆ ಬಂದು ಬಂಡೆಗಳಾದವು, ಹಿಂದಕ್ಕೆ ಬಾಗಿದ ಮುಖ ದೂರ ಸರಿಯಿತು, ಅರೆಮುಚ್ಚಿದ ಕಣ್ಣುಗಳು ನನ್ನ ಕಡೆಗಲ್ಲ, ಮೇಲಕ್ಕೆ ತಿರುಗಿದ್ದವು. ಮಲಂಪುಳದಲ್ಲಿ ಅವಳ ಕಾಲಬುಡದಲ್ಲಿ ನಿಂತಾಗ ಆದದ್ದೂ ಇದೇ. ಅಲ್ಲಿ ನಾವು ಎಷ್ಟೇ ನೋಡಿದರೂ ಅವಳು ನಮ್ಮನ್ನು ಗಮನಿಸುವುದಿಲ್ಲ. ಅವಳ ನಗ್ನತೆಯ ವಿಷಯದಲ್ಲಿ ಎದ್ದ ಆಕ್ಷೇಪಗಳನ್ನು ನಾನು ಓದಿದ್ದೇನೆ. ಒಂದೂವರೆ ಅಡಿಯ ಮಣ್ಣಿನ ಪ್ರತಿಗೆ ಅವು ಸಲ್ಲಬಹುದು, 30 ಅಡಿಯ ಯಕ್ಷಿಗೆ ಸಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವಳ ಗಾತ್ರವೇ ಅವಳ ಮಾನ.

ಮುಗಿದ ಮೇಲೆ ಎರಡನ್ನೂ ಒಂದೇ ಹಲಗೆಯ ಮೇಲಿಡಲು ಪ್ರಯತ್ನಿಸಿದೆ, ಆಗಲಿಲ್ಲ. ಸುಜಾತೆಗೆ ಸರಿಹೋಗುವ ಎತ್ತರದಲ್ಲಿ ಯಕ್ಷಿ ಕುಗ್ಗುತ್ತಾಳೆ, ಯಕ್ಷಿಗೆ ಸರಿಹೋಗುವ ಎತ್ತರಕ್ಕೆ ಏರಿಸಿದರೆ ಸುಜಾತೆಯ ನಡಿಗೆ ನಿಂತುಹೋಗುತ್ತದೆ. ಈಗ ಸುಜಾತೆ ಕಿಟಕಿಯ ಬಳಿ, ಸಂಜೆಯ ಬಿಸಿಲು ಅಡ್ಡಲಾಗಿ ಬೀಳುವ ಕಡೆ ಬಿದಿರಿನ ಸೀಳುಗಳ ನಡುವೆ ಇದ್ದಾಳೆ. ಯಕ್ಷಿ ಕಪಾಟಿನ ಮೇಲೆಯೇ ಇದ್ದಾಳೆ. ನೋಡಲು ಬಂದ ವಿದ್ಯಾರ್ಥಿಗಳಿಗೆ ನಾನು ಮೊದಲು ಒಂದು ಚಾಪೆ ಹಾಸಿಕೊಡುತ್ತೇನೆ.