ನಾಲ್ಕು ನಮೂನೆ ಅಡಿಕೆ ಧಾರಣೆ, ಒಂದೇ ಪುಟದಲ್ಲಿ: ಆರ್ ಸ್ಕ್ರಿಪ್ಟ್ ಬರೆಯೋದು ಹೀಗೆ

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆಯನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಂಡಿದ್ದೀರಾ? ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕನ್ನೂ ಒಂದೇ ಗ್ರಾಫಿಗೆ ತುರುಕಬೇಡಿ. ಸರಕಿನ ಗೆರೆ ಮೇಲೆ ಹೋಗಿ ಕೂರುತ್ತದೆ, ಗೊರಬಲು ತಳದಲ್ಲಿ ಚಪ್ಪಟೆಯಾಗಿ ಅದರ ಏರಿಳಿತ ಕಾಣುವುದೇ ಇಲ್ಲ. ಅಂಕಿಅಂಶಕ್ಕೂ ಗ್ರಾಫಿಗೂ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದರ ಕೆಳಗೊಂದು ನಾಲ್ಕು ಗ್ರಾಫ್ ಹಾಕಿ.

ಮೊದಲು ತಾರೀಖು. ನಾವು ಬರೆಯೋದು 03-06-2024 ಅಂತ, ಅಲ್ವಾ? ಫಾರ್ಮ್ಯಾಟ್ ಹೇಳದೆ ಸುಮ್ನೆ ತಾರೀಖು ಓದುವ ಆ್ಯಸ್.ಡೇಟ್‌ಗೆ (as.Date) ಕೊಟ್ಟರೆ ಆರ್ ಅದನ್ನು ಮೂರನೇ ಇಸವಿಯ ಜೂನ್ 20 ಅಂತ ಓದುತ್ತದೆ, ಎರರ್ ಕೂಡ ಕೊಡುವುದಿಲ್ಲ! ದಿನ, ತಿಂಗಳು, ವರ್ಷ ಅಂತ ಫಾರ್ಮ್ಯಾಟ್ ಕೊಡಲೇಬೇಕು. ಮಾರುಕಟ್ಟೆಗೆ ರಜೆ ಇದ್ದ ದಿನ ಸೊನ್ನೆ ಹಾಕಬೇಡಿ, ಗೆರೆ ನೆಲಕ್ಕೆ ಬಿದ್ದು ಏಳುತ್ತದೆ. ಆ ಸಾಲನ್ನೇ ತೆಗೆಯಿರಿ.

ಈಗ ಪುಟ. ಮೊದಲು ಪಿಡಿಎಫ್ (pdf) ಫಂಕ್ಷನ್ ಕರೆಯಿರಿ, ಅಗಲ 8.27, ಎತ್ತರ 11.69 ಇಂಚು, ಅಂದರೆ ಎ4. ಹೇಳದಿದ್ದರೆ 7 ಇಂಚಿನ ಚೌಕ ಬರುತ್ತದೆ. ಗ್ರಾಫಿನ ಸೆಟ್ಟಿಂಗ್ ಹೇಳುವ ಪಾರ್ (par) ಬರಬೇಕಾದ್ದು ಇದಾದ ಮೇಲೆಯೇ, ಯಾಕೆಂದರೆ ಆ ಸೆಟ್ಟಿಂಗ್ ಆಗ ತೆರೆದಿರುವ ಡಿವೈಸ್‌ಗೆ (ಗ್ರಾಫ್ ಹೋಗಿ ಕೂರುವ ಜಾಗ, ಇಲ್ಲಿ ಆ ಪಿಡಿಎಫ್) ಮಾತ್ರ ತಾಗುತ್ತದೆ. ಪಾರ್ ಒಳಗೆ ಎಂಎಫ್‌ರೋಗೆ (mfrow) 4, 1 ಕೊಡಿ, ಅಂದರೆ ನಾಲ್ಕು ಅಡ್ಡಸಾಲು, ಒಂದು ಕಂಬಸಾಲು. 2, 2 ನನಗೆ ಇಷ್ಟವಿಲ್ಲ: ಒಂದರ ಕೆಳಗೊಂದು ಇಳಿದಿದ್ದರೆ ರಾಶಿ ಬಿದ್ದ ವಾರವೇ ಬೆಟ್ಟೆಯೂ ಬಿತ್ತಾ ಅಂತ ಕಣ್ಣು ಕೆಳಗಿಳಿಸಿದರೆ ಸಾಕು. ಮಾರ್ಜಿನ್ ತಾನಾಗಿ ಬರುವುದು ಕೆಳಗೆ 5.1, ಎಡಕ್ಕೆ 4.1, ಮೇಲೆ 4.1, ಬಲಕ್ಕೆ 2.1 ಸಾಲು (ಅಕ್ಷರದ ಸಾಲಿನ ಎತ್ತರದ ಲೆಕ್ಕದಲ್ಲಿ), ನಾಲ್ಕು ಗ್ರಾಫಿಗೆ ಇದು ದುಂದು. ಮಾರ್‌ನಲ್ಲಿ (mar) ಅದನ್ನು 2, 4, 2, 1 ಮಾಡಿ. ಆರ್‌ಸ್ಟುಡಿಯೋದ ಪುಟ್ಟ ಕಿಟಕಿಯಲ್ಲಿ ‘ಫಿಗರ್ ಮಾರ್ಜಿನ್ಸ್ ಟೂ ಲಾರ್ಜ್’ ಅಂತ ಎರರ್ ಬರೋದು ಜಾಸ್ತಿ ಈ ದೊಡ್ಡ ಮಾರ್ಜಿನ್ ಕಾರಣಕ್ಕೇ. ಒಟ್ಟು ತಲೆಬರಹಕ್ಕೆ ಪುಟದ ಹೊರ ಮಾರ್ಜಿನ್ ಆದ ಓಎಂಎದಲ್ಲಿ (oma) ಮೇಲ್ಗಡೆ 3 ಸಾಲು ಬಿಡಿ, ಆಮೇಲೆ ತಲೆಬರಹ ಬರೆಯುವ ಎಂಟೆಕ್ಸ್ಟ್‌ನಲ್ಲಿ (mtext) ಔಟರ್ ಟ್ರೂ (outer = TRUE) ಕೊಡಿ. ಗ್ರಾಫುಗಳ ಸಾಲು ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆರ್ ಅಕ್ಷರವನ್ನು ತಾನೇ 0.66ಕ್ಕೆ ಇಳಿಸುತ್ತದೆ, ಓದಲು ಕಷ್ಟ ಅನಿಸಿದರೆ ಎಂಎಫ್‌ರೋ ಕೊಟ್ಟ ನಂತರ ಅಕ್ಷರದ ಗಾತ್ರದ ಸಿಇಎಕ್ಸ್ (cex) 1 ಮಾಡಿ.

ಪ್ಲಾಟ್ ಸಾಲನ್ನು ನಾಲ್ಕು ಸಲ ಕಾಪಿ ಮಾಡಬೇಡಿ. ನಮೂನೆಗಳ ಹೆಸರಿನ ಮೇಲೆ ಒಂದು ಫಾರ್ ಲೂಪ್ (ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ for) ಸಾಕು. ಎಲ್ಲದಕ್ಕೂ ಒಂದೇ ಎಕ್ಸ್‌ಲಿಮ್ (xlim, ಅಡ್ಡ ಅಕ್ಷದ ತಾರೀಖಿನ ಮಿತಿ) ಕೊಡಿ, ಗೆರೆ ಬರಲು ಟೈಪ್ ಎಲ್ (type = "l"). ಕೊನೆಗೆ ಫೈಲ್ ಮುಚ್ಚುವ ಡೆವ್.ಆಫ್ (dev.off), ಇಲ್ಲದಿದ್ದರೆ ಫೈಲ್ ತೆರೆಯುವುದೇ ಇಲ್ಲ.

ಒಂದು ಎಚ್ಚರಿಕೆ. ವೈ ಅಕ್ಷ ಬೇರೆ ಬೇರೆ ಇರುವುದರಿಂದ ಗೊರಬಲಿನ ಸಣ್ಣ ಏರಿಕೆಯೂ ಸರಕಿನ ದೊಡ್ಡ ಏರಿಕೆಯಷ್ಟೇ ಎತ್ತರ ಕಾಣುತ್ತದೆ. ಹೋಲಿಸಲೇಬೇಕಿದ್ದರೆ ಪ್ರತಿ ನಮೂನೆಯ ಧಾರಣೆಯನ್ನು ಅದರ ಮೊದಲ ದಿನದ ಧಾರಣೆಯಿಂದ ಭಾಗಿಸಿ 100ರಿಂದ ಗುಣಿಸಿ, ನಾಲ್ಕಕ್ಕೂ ಒಂದೇ ವೈಲಿಮ್ (ylim, ವೈ ಅಕ್ಷದ ಮಿತಿ) ಕೊಡಿ.