ವೆಲ್ಡಿಂಗ್ ಕಲಿಯೋರಿಗೆ ಮೊದಲ ಕೆಲಸ: ಅಂಗಳಕ್ಕೊಂದು ಇದ್ದಿಲ ಒಲೆ

ಕಲಬುರಗಿಯಲ್ಲಿ ಕಬ್ಬಿಣದ ಅಂಗಡಿಗೆ ಹೋಗಿ "ಗ್ರಿಲ್ ಮಾಡಬೇಕು" ಅಂದೆ. "ಕಿಟಕಿ ಅಳತಿ ಎಷ್ಟ್ರಿ?" ಅಂತ ಕೇಳಿದರು. ಅದಲ್ಲ, ನಾನು ಹೇಳ್ತಿರೋದು ಬದನೆಕಾಯಿ, ಮೆಕ್ಕೆಜೋಳದ ತೆನೆ, ಕಬಾಬ್ ಸುಡುವ ಗ್ರಿಲ್. ಹೊಸದಾಗಿ ವೆಲ್ಡಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಗೇಟು ಮಾಡಿದರೆ ನಿಮ್ಮ ಸೊಟ್ಟ ಬೆಸುಗೆ ಓಣಿಯವರೆಲ್ಲ ನೋಡುತ್ತಾರೆ, ಏಣಿ ಮಾಡಿದರೆ ಯಾರಾದರೂ ಬೀಳುತ್ತಾರೆ. ಈ ಒಲೆ ಹೊರಬೇಕಾದ್ದು ಒಂದೆರಡು ಕೆಜಿ ಇದ್ದಿಲು ಅಷ್ಟೇ.

25 ಎಂಎಂ ಅಗಲ, 3 ಎಂಎಂ ದಪ್ಪದ ಎಂಎಸ್ ಆಂಗಲ್, ಅಂದರೆ ಮೆದು ಉಕ್ಕಿನ 'ಎಲ್' ಆಕಾರದ ಪಟ್ಟಿ, ಒಂದೇ ಒಂದು 20 ಅಡಿ ಉದ್ದದ್ದು ತನ್ನಿ. ಅದರಲ್ಲಿ 18 ಇಂಚು ಉದ್ದ, 12 ಇಂಚು ಅಗಲದ ಎರಡು ಚೌಕಟ್ಟು, 28 ಇಂಚಿನ ನಾಲ್ಕು ಕಾಲು ಬರುತ್ತವೆ, ಕೊನೆಗೆ ಒಂದು ಗೇಣಿನಷ್ಟು ಉಳಿಯುತ್ತದೆ. ಪಕ್ಕಗಳಿಗೂ ತಳಕ್ಕೂ 3 ಎಂಎಂ ಪ್ಲೇಟು. 2 ಎಂಎಂ ಅಗ್ಗ, ಆದರೆ ಹೊಸ ಕೈಗೆ ತೂತು ಬೀಳುತ್ತದೆ. ಜಾಲರಿಗೆ 10 ಎಂಎಂ ಪ್ಲೇನ್ ಸರಳು, 22 ಅಡಿ ಚಿಲ್ಲರೆ. ಗುಜರಿ ಅಂಗಡಿಯಲ್ಲಿ ಸಿಕ್ಕರೂ ಸರಿ, ಆದರೆ ಬೆಳ್ಳಗೆ ಹೊಳೆಯುವ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಮಾತ್ರ ಬೇಡವೇ ಬೇಡ. ಅದರ ಮೇಲಿನ ಸತು ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಮೇಲಾಗಿ ಅದು ಅಡುಗೆಗೆ ತಾಗುವ ಕಬ್ಬಿಣ.

ಮಷೀನು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನು ಸಾಕು. 6013 ಅನ್ನೋ ನಂಬರಿನ ವೆಲ್ಡಿಂಗ್ ರಾಡು, 2.5 ಎಂಎಂ ದಪ್ಪದ್ದು, 70ರಿಂದ 80 ಆಂಪಿಯರ್. ರಾಡು ಅಂಟಿಕೊಳ್ಳುತ್ತಿದ್ದರೆ ಐದು ಏರಿಸಿ, ತೂತಾಗುತ್ತಿದ್ದರೆ ಇಳಿಸಿ. ಹತ್ತಿ ಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಬೂಟು, ವೆಲ್ಡಿಂಗ್ ಹೆಲ್ಮೆಟ್. ಮೊದಲ ದಿನ ನಾನು "ಒಂದು ಟ್ಯಾಕ್, ಚುಕ್ಕಿಯಷ್ಟು ಬೆಸುಗೆ ತಾನೇ" ಅಂತ ಕಣ್ಣು ಮುಚ್ಚಿಕೊಂಡು ಹೊಡೆದೆ, ಒಂದಲ್ಲ ಹತ್ತಾಯಿತು, ರಾತ್ರಿ ಕಣ್ಣೊಳಗೆ ಮರಳು ಸುರಿದ ಹಾಗೆ ಉರಿ. ಅಂಗಳದಲ್ಲಿ ಶಹಾಬಾದ್ ಫರ್ಸಿ ಹಾಸಿದ್ದರೆ ಅದರ ಮೇಲೆ ಕೆಲಸ ಮಾಡಬೇಡಿ, ಕಾದ ಕಿಡಿಗೆ ಕಲೆಯಾಗುತ್ತದೆ, ಚಕ್ಕೆ ಏಳಬಹುದು. ಮಣ್ಣಿನ ಮೇಲೆ ಕೂತುಕೊಳ್ಳಿ. ಏಪ್ರಿಲ್ ಆದರೆ ಬೆಳಗ್ಗೆ ಎಂಟರೊಳಗೆ ಮುಗಿಸಿ, ನಮ್ಮ ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತವರಿಗೇ ಅದರ ಕಷ್ಟ ಗೊತ್ತು.

ಮೊದಲು ಚೌಕಟ್ಟು. ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿ, ನಾಲ್ಕಕ್ಕೂ ಒಂದೊಂದು ಟ್ಯಾಕ್ ಮಾತ್ರ. ಈಗ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ. ಬರದಿದ್ದರೆ ಉದ್ದ ಇರುವ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆಮೇಲೆ ಪೂರ್ತಿ ಬೆಸುಗೆ, ಅದೂ ಒಂದು ಮೂಲೆ ಮುಗಿಸಿ ಅದರ ಎದುರು ಮೂಲೆಗೆ ಹೋಗುತ್ತ. ಒಂದೇ ಕಡೆ ಸುತ್ತುತ್ತ ಹೋದರೆ ಕಬ್ಬಿಣ ಕಾದು ಆ ಕಡೆಗೇ ಎಳೆದುಕೊಂಡು ಚೌಕಟ್ಟು ಹಪ್ಪಳದ ಹಾಗೆ ತಿರುಚುತ್ತದೆ.

ಎರಡೂ ಚೌಕಟ್ಟಿನಲ್ಲಿ ಆಂಗಲ್‌ನ ಒಂದು ಅಂಚು ಕೆಳಗೆ ಒಳಮುಖವಾಗಿ ಇರಲಿ, ತಟ್ಟೆ ಇಟ್ಟರೆ ಕೂರುವ ಹಾಗೆ. ಮೇಲಿನದು ಕಾಲುಗಳ ತುದಿಗೆ, ಇನ್ನೊಂದು 6 ಇಂಚು ಕೆಳಗೆ. ಕೆಳಗಿನದರ ಮೇಲೆ ತಳದ ಪ್ಲೇಟು ಸುಮ್ನೆ ಕೂರಲಿ, ಬೆಸೆಯಬೇಡಿ. ಪಕ್ಕದ ಪ್ಲೇಟುಗಳನ್ನು ಕಾಗದದ ಲೆಕ್ಕ ನಂಬದೆ ಚೌಕಟ್ಟು ನಿಂತ ಮೇಲೆ ಅಳೆದು ಕತ್ತರಿಸಿ, ಅಲ್ಲಲ್ಲಿ ಬೆಸೆಯಿರಿ. ಗಾಳಿಗೆ ಉದ್ದ ಪಕ್ಕಗಳಲ್ಲಿ ತಳದ ಹತ್ತಿರ ಗ್ರೈಂಡರ್‌ನಿಂದ ಮೂರು ಮೂರು ಸೀಳು ಸಾಕು.

ಕೈ ಕೂರುವುದು ಜಾಲರಿಯಲ್ಲಿ. ಹನ್ನೊಂದೂವರೆ ಇಂಚಿನ 20 ಸರಳು, ಅವುಗಳ ಅಡಿಗೆ ಹದಿನೇಳೂವರೆ ಇಂಚಿನ ಎರಡು ಅಡ್ಡ ಸರಳು, ತುದಿಯಿಂದ ಎರಡೆರಡು ಇಂಚು ಒಳಗೆ. ಸಂದು 12 ಎಂಎಂ. ಪ್ರತಿ ಸಲ ಟೇಪು ಹಿಡಿಯಬೇಡಿ, 12 ಎಂಎಂ ಸರಳಿನ ಒಂದು ತುಂಡನ್ನು ಎರಡರ ನಡುವೆ ಇಟ್ಟು ಟ್ಯಾಕ್ ಹೊಡೆದು ಮುಂದೆ ಸರಿಸಿ. ಬೆಸುಗೆ ಎಲ್ಲ ಅಡಿಯಿಂದಲೇ, ಮೇಲೆ ನುಣ್ಣಗಿರಲಿ. ಒಟ್ಟು 40 ಬೆಸುಗೆ, ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ನೋಡಿದರೆ ನಿಮಗೇ ನಗು ಬರುತ್ತದೆ. ಪ್ರತಿಯೊಂದರ ಮೇಲೆ ಕೂರುವ ಗಟ್ಟಿ ಪದರ, ಅಂದರೆ ಕಿಟ್ಟವನ್ನು ಚಿಪ್ಪಿಂಗ್ ಸುತ್ತಿಗೆಯಿಂದ ಉದುರಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಕನ್ನಡಕ ಹಾಕಿಕೊಂಡೇ. ಕಿಟ್ಟದ ಚೂರು ಬದನೆಕಾಯಿಗೆ ಅಂಟಿದರೆ ಚೆನ್ನಾಗಿರುತ್ತಾ? ನನ್ನ ಮೊದಲ ಒಲೆಯಲ್ಲಿ ಗಟ್ಟಿಯಾಗಿರಲಿ ಅಂತ ಜಾಲರಿಯನ್ನೂ ಚೌಕಟ್ಟಿಗೆ ಬೆಸೆದುಬಿಟ್ಟಿದ್ದೆ. ಇದ್ದಿಲು ಹಾಕೋದೆಲ್ಲಿ? ಗ್ರೈಂಡರ್ ತಂದು ಮತ್ತೆ ಕತ್ತರಿಸಿದೆ. ನೀವು ಮೇಲಿನ ಚೌಕಟ್ಟಿನಲ್ಲಿ ಸುಮ್ನೆ ಕೂರಿಸಿ.

ಒಳಗೆ ಬಣ್ಣ ಬೇಡ. ಮೊದಲ ಬೆಂಕಿ ಖಾಲಿ ಒಲೆಗೇ, ಒಂದು ಗಂಟೆ, ಹೊಸ ಕಬ್ಬಿಣದ ಎಣ್ಣೆ ಜಿಡ್ಡೆಲ್ಲ ಸುಟ್ಟುಹೋಗಲಿ. ಆರಿದ ಮೇಲೆ ಜಾಲರಿಗೆ ಕುಸುಬಿ ಎಣ್ಣೆ ತೆಳ್ಳಗೆ ಒರೆಸಿ. ಹೊತ್ತಿಸಲು ಒಣ ತೊಗರಿ ಕಟ್ಟಿಗೆ ಒಂದು ಹಿಡಿ, ಮೇಲೆ ಜಾಲಿ ಇದ್ದಿಲು. ತೊಗರಿ ಕಟ್ಟಿಗೆ ಭಗ್ಗನೆ ಹತ್ತುತ್ತದೆ, ಬೇಗ ಬೂದಿಯಾಗುತ್ತದೆ, ಅದೊಂದನ್ನೇ ನಂಬಿದರೆ ಕಬಾಬ್ ಅರ್ಧ ಹಸಿ. ಇದ್ದಿಲ ಮೇಲೆ ಬೂದಿ ಬಣ್ಣ ಬಂದ ಮೇಲೆ ಸುಡಲು ಇಡಿ. ಬೂದಿಯನ್ನು ಆರಿದ ಕೂಡಲೇ ಚೆಲ್ಲಿ, ಒಳಗೇ ಬಿಟ್ಟರೆ ಮಳೆ ನೀರು ಕುಡಿದು ತಳವನ್ನು ತುಕ್ಕು ತಿನ್ನುತ್ತದೆ. ತಿಂದರೂ ಚಿಂತೆ ಇಲ್ಲ, ತಳ ಬೆಸೆದಿಲ್ಲವಲ್ಲ, ಬೇರೆ ಪ್ಲೇಟು ಹಾಕಿ.