ಆಡದೇ ಉಳಿದ ಇಪ್ಪತ್ತನಾಲ್ಕನೆಯ ನಡೆ

ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಹೋಗಿಬರುವವನು ನಾನು. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಅಂಗೈಯಗಲದ ಮ್ಯಾಗ್ನೆಟ್ ಚದುರಂಗದ ಹಲಗೆಯೊಂದು ಸದಾ ಇರುತ್ತದೆ. ಕಳೆದ ಚಳಿಗಾಲದಲ್ಲಿ ಒಂದೇ ಆಟವನ್ನು ಹಿಡಿದು ಮೂರು ವಾರ ಕುಳಿತೆ. 1999ರ ಜನವರಿ 20ರಂದು ನೆದರ್‌ಲೆಂಡ್ಸ್‌ನ ವೈಕ್ ಆನ್ ಝೀಯಲ್ಲಿ ಗ್ಯಾರಿ ಕ್ಯಾಸ್ಪರೋವ್ ಬಿಳಿ ಕಾಯಿಗಳೊಂದಿಗೆ ಬಲ್ಗೇರಿಯಾದ ವೆಸೆಲಿನ್ ಟೊಪಲೋವ್ ಅವರನ್ನು ಸೋಲಿಸಿದ ಆಟ ಅದು.

ನಲವತ್ತನಾಲ್ಕು ನಡೆಗಳೂ ನನಗೆ ಬಾಯಿಪಾಠವಾಗಿದ್ದವು. ಅದೇ ತೊಡಕಾಯಿತು. ಮೊದಲ ವಾರ ಬಿಳಿಯ ಪ್ರತಿಯೊಂದು ನಡೆಗೂ ಕಾರಣ ಬರೆದೆ. ಬರೆದದ್ದೆಲ್ಲ ಗೆದ್ದವರ ಹೊಗಳಿಕೆಯಾಯಿತೇ ಹೊರತು ಹೊಸದೇನೂ ಹೊಳೆಯಲಿಲ್ಲ.

ಎರಡನೆಯ ವಾರ, ಕ್ಯಾತ್ಸಂದ್ರ ದಾಟಿದ ಮೇಲೆ, ಹಲಗೆಯನ್ನು ತಿರುಗಿಸಿ ಕಪ್ಪು ಕಾಯಿಗಳನ್ನು ನನ್ನ ಕಡೆಗೆ ಮಾಡಿಕೊಂಡೆ. ಟೊಪಲೋವ್ ಆಡಿದ ಪ್ರತಿ ನಡೆಗೂ ಬದಲಾಗಿ ಇನ್ನೆರಡು ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅವುಗಳನ್ನು ಕೈಯಿಂದಲೇ ಮುಂದುವರಿಸಿ ನೋಡಬೇಕು, ಅಲ್ಲಿಯವರೆಗೆ ಮೊಬೈಲಿನಲ್ಲಿ ಕಂಪ್ಯೂಟರ್ ವಿಶ್ಲೇಷಣೆ ತೆರೆಯಬಾರದು ಎಂದು ಗಟ್ಟಿಮಾಡಿಕೊಂಡೆ.

ಪಿರ್ಕ್ ರಕ್ಷಣೆ ಎಂದು ಕರೆಯುವ ಕಪ್ಪಿನ ಆರಂಭದ ನಡೆಗಳು, ಎರಡೂ ರಾಜರು ರಾಣಿಯ ಬದಿಗೆ ಕೋಟೆ ಕಟ್ಟಿದ್ದು (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸಿ ರಾಜನನ್ನು ಭದ್ರಪಡಿಸುವುದು), ಎ5ಕ್ಕೆ (ಅಕ್ಷರ ಹಲಗೆಯ ಕಂಬಸಾಲನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ) ಬಂದು ಕುಳಿತ ಬಿಳಿ ಕುದುರೆ ಇವೆಲ್ಲ ಎರಡೇ ದಿನದಲ್ಲಿ ಮುಗಿದವು. 24ನೆಯ ನಡೆಯಲ್ಲಿ ನಿಂತುಬಿಟ್ಟೆ. ಕ್ಯಾಸ್ಪರೋವ್ ಆನೆಯಿಂದ ಡಿ4ರ ಕಾಲಾಳನ್ನು ಹೊಡೆಯುತ್ತಾರೆ. ಸಿ5ರ ಕಾಲಾಳು ಆ ಆನೆಯನ್ನು ತೆಗೆಯಬಹುದು, ಟೊಪಲೋವ್ ತೆಗೆದರು. ಕೂಡಲೇ ಇನ್ನೊಂದು ಆನೆ ಇ7ಕ್ಕೆ ಚೆಕ್ ಕೊಡುತ್ತದೆ. ರಾಣಿ ಅದನ್ನೂ ಹೊಡೆದರೆ ಡಿ4ರಲ್ಲಿ ಬಿಳಿ ರಾಣಿಯ ಚೆಕ್, ರಾಜ ಬಿ8ಕ್ಕೆ, ಬಿ6ರಲ್ಲಿ ಚೆಕ್, ಒಂಟೆ ಅಡ್ಡ, ಸಿ6ರಿಂದ ಕುದುರೆಯ ಚೆಕ್, ರಾಜ ಮೂಲೆಗೆ, ಎ7ರಲ್ಲಿ ಮೇಟ್, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಚೆಕ್. ಅದಕ್ಕಾಗಿಯೇ ಕಪ್ಪು ರಾಜ ಕೋಟೆ ಬಿಟ್ಟು ಹೊರಟದ್ದು.

ಹಾಗಾದರೆ ಆನೆಯನ್ನು ತೆಗೆಯದಿದ್ದರೆ? ಈ ಪ್ರಶ್ನೆ ಬರೆಯಲು ನನಗೆ ಎರಡು ದಿನ ಬೇಕಾಯಿತು. ಪುಕ್ಕಟೆ ಆನೆಯ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ರೈಲು ದೊಡ್ಡಬೆಲೆಯಲ್ಲಿ ನಿಂತಿದ್ದಾಗ ರಾಜನನ್ನು ಸುಮ್ಮನೆ ಬಿ6ಕ್ಕೆ ಇಟ್ಟು ನೋಡಿದೆ. ರಾಜ ಏಳನೆಯ ಸಾಲು ಬಿಟ್ಟಿರುವುದರಿಂದ ಇ7ರ ಚೆಕ್ ಇಲ್ಲ. ಎ5ರ ಕುದುರೆಗೆ ರಾಜನೇ ಕೈಹಾಕಿದ್ದಾನೆ. ಕುದುರೆ ಬಿ3ಕ್ಕೆ ಹಿಂದೆಗೆದರೆ ಆನೆ ಮತ್ತೆ ಪುಕ್ಕಟೆಯಾಗಿ ಕಾಣುತ್ತದೆ. ಈಗಲೂ ಅದನ್ನು ಹೊಡೆಯಬಾರದು: ಡಿ4ರಲ್ಲಿ ರಾಣಿಯ ಚೆಕ್, ಎ7ರಲ್ಲಿ ಇನ್ನೊಂದು, ಹಿಂದೆಯೇ ಸಿ5ಕ್ಕೆ ಕುದುರೆ. ಒಂಟೆಯಿಂದ ಡಿ5ರ ಕಾಲಾಳನ್ನು ಹೊಡೆಯಬೇಕು. ಆಮೇಲೆ ಡಿ6ರಲ್ಲಿ ರಾಣಿಗಳು ವಿನಿಮಯವಾಗಿ ಆಟ ಸರಿಸಮವಾಗುತ್ತದೆ. ಜಗತ್ತು ಮೆಚ್ಚಿದ ಆ ದಾಳಿ ನಡೆಯಲು ಕಪ್ಪಿನ ಒಂದು ಹೊಡೆತವೇ ಬೇಕಿತ್ತು ಎಂದು ಆ ಬೆಳಗ್ಗೆ ಅರ್ಥವಾಯಿತು. ಮೈ ಜುಮ್ಮೆಂದಿತು.

ಮೂರನೆಯ ವಾರ ಕಂಪ್ಯೂಟರ್ ತೆರೆದೆ. ಬಿ6ನ್ನು ಅದು ಒಪ್ಪಿತು. ನನಗೆ ಸುಳಿವೇ ಸಿಗದಿದ್ದ ಇನ್ನೊಂದನ್ನೂ ತೋರಿಸಿತು: 28ನೆಯ ನಡೆಯಲ್ಲಿ ಕ್ಯಾಸ್ಪರೋವ್ ರಾಣಿಯನ್ನು ಸಿ3ಕ್ಕೆ ತಂದದ್ದಕ್ಕಿಂತ ಆನೆಯನ್ನು ಎ7ಕ್ಕೆ ಒಯ್ದಿದ್ದರೆ ಗೆಲುವು ಇನ್ನೂ ಹತ್ತಿರವಿತ್ತು. ಬಿಳಿಯ ಕಡೆ ಕುಳಿತು ಒಂದು ವಾರ ಕಾರಣ ಬರೆದ ನಾನು ಆ ನಡೆಯನ್ನು ಪ್ರಶ್ನಿಸಿರಲೇ ಇಲ್ಲ.

ಇಷ್ಟಾದರೂ ಈ ಆಟದ ಮೇಲಿನ ಪ್ರೀತಿ ಒಂದಿಷ್ಟೂ ಇಳಿಯಲಿಲ್ಲ. ಎ7ರಿಂದ ಹೊರಟ ಕಪ್ಪು ರಾಜ ಎಂಟು ಹೆಜ್ಜೆ ನಡೆದು, ದಾರಿಯಲ್ಲಿ ಒಂದು ಕುದುರೆಯನ್ನೂ ಮೂರು ಕಾಲಾಳುಗಳನ್ನೂ ಹೊಡೆದು, ಬಿಳಿಯ ಮೊದಲ ಸಾಲಿನ ಡಿ1ಕ್ಕೆ ಬಂದು ನಿಲ್ಲುತ್ತಾನೆ. ಆಗ 36ನೆಯ ನಡೆಯಾಗಿ ಬಿಳಿ ಒಂಟೆ ಎಚ್3ರಿಂದ ಎಫ್1ಕ್ಕೆ, ತಾನು ಆಟ ಆರಂಭಿಸಿದ ಮನೆಗೇ, ಮರಳಿ ಸಿ4ರ ಕಪ್ಪು ರಾಣಿಯನ್ನು ಕೆಣಕುತ್ತದೆ. ರಾಣಿ ಅದನ್ನು ಹೊಡೆದರೆ ಸಿ2ರಲ್ಲಿ ಚೆಕ್, ಇ7ರಲ್ಲಿ ಚೆಕ್, ಇ2ರಲ್ಲಿ ಮೇಟ್. ಟೊಪಲೋವ್ ಆನೆಯನ್ನು ಡಿ2ಕ್ಕೆ ತಂದರು. ಕ್ಯಾಸ್ಪರೋವ್ ತಮ್ಮ ಆನೆಯನ್ನು ಡಿ7ಕ್ಕೆ ಇಟ್ಟರು. ಕಪ್ಪಿನ ಕಡೆ ಕುಳಿತು ಇದಕ್ಕೊಂದು ಉತ್ತರ ಹುಡುಕಲು ನಾಲ್ಕು ಸಂಜೆ ಹೆಣಗಿದೆ. ತುಮಕೂರು ಬಂದು ಇಳಿಯುವವರೆಗೂ ಸಿಗಲಿಲ್ಲ.